ಒಳ್ಳೆಯದಾಗುವ ಮೊದಲೇ ಯಾಕೆ ಕೃತಜ್ಞತೆ?

ಪ್ರಶ್ನೆ: ನಾನು ಹಾಸನದವಳು, ಹೈಸ್ಕೂಲ್ ಟೀಚರ್. ಬೇರೆ ಬೇರೆ ಧರ್ಮಗಳ ಪ್ರಾರ್ಥನೆಗಳನ್ನು ಓದುವ ಅಭ್ಯಾಸವಿದೆ. ಯಹೂದಿಗಳ ಪ್ರಾರ್ಥನೆ ಓದುವಾಗ ಒಂದು ವಿಷಯ ಅರ್ಥವಾಗಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೃತಜ್ಞತೆ, ಊಟವಾದ ಮೇಲೆ ಕೃತಜ್ಞತೆ, ಕೊನೆಗೆ ಶೌಚಕ್ಕೆ ಹೋಗಿ ಬಂದ ಮೇಲೂ ಕೃತಜ್ಞತೆ. ಅಷ್ಟು ನೋವು ಉಂಡ ಜನ ದೇವರ ದಯೆಯನ್ನು ಹೇಗೆ ನಂಬುತ್ತಾರೆ? ಇದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವುದು ಅಲ್ವಾ? ಕೇಳಲು ಕಾರಣವಿದೆ. ನನ್ನ ತಾಯಿ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ನೋಡಲು ಬಂದವರೆಲ್ಲ "ದೇವರ ಮೇಲೆ ಭಾರ ಹಾಕು, ಎಲ್ಲ ಸರಿಹೋಗುತ್ತೆ, ಇರೋದಕ್ಕೆ ಕೃತಜ್ಞತೆ ಇರಲಿ" ಅಂತಾರೆ. ನನಗೆ ಆಗುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತು, "ನನಗೆ ಆಗುತ್ತಿಲ್ಲ" ಎಂಬುದು, ನೀವು ಓದುತ್ತಿರುವ ಪ್ರಾರ್ಥನೆಗಳ ಹೊರಗಿನ ಮಾತು ಅಂತ ನಿಮಗೆ ಅನ್ನಿಸಿರಬಹುದು. ಅದು ಒಳಗಿನದೇ. ಯಹೂದಿಗಳು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಹೇಳಿಕೊಂಡು ಬಂದಿರುವ ಬೈಬಲಿನ ಕೀರ್ತನೆಗಳಲ್ಲಿ ಆ ಮಾತು ಇದೆ. ಕೃತಜ್ಞತೆಯ ಪಕ್ಕದಲ್ಲೇ ಇದೆ. ಅಲ್ಲಿಗೆ ಬರುತ್ತೇನೆ. ಮೊದಲು ಬೆಳಗಿನ ಪ್ರಾರ್ಥನೆಯಿಂದ ಶುರು ಮಾಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರ ಮೊದಲ ಪದದಲ್ಲೇ ಇದೆ.

ನಾನು ಹುಟ್ಟಿನಿಂದ ಯಹೂದಿ ಅಲ್ಲ. ಹೀಬ್ರೂ ಪ್ರಾರ್ಥನೆಗಳನ್ನು ಬಹಳ ವರ್ಷ ಓದಿದವನು, ಓದಿಸಿದವನು. ಓದುತ್ತಾ ಓದುತ್ತಾ ಅವು ನನ್ನ ದಿನದೊಳಗೂ ಸೇರಿಕೊಂಡಿವೆ. ಹಾಗಾಗಿ ದೂರ ನಿಂತು ಬರೆಯಲು ನನ್ನಿಂದ ಆಗುವುದಿಲ್ಲ.

ಎಚ್ಚರವಾದ ಕೂಡಲೇ, ಹಾಸಿಗೆಯಲ್ಲಿ ಇರುವಾಗಲೇ, ಕೈಯನ್ನೂ ತೊಳೆಯುವ ಮೊದಲು ಹೇಳುವ ಪ್ರಾರ್ಥನೆ 'ಮೋದೆ ಅನಿ'. ಹೆಂಗಸರು 'ಮೋದಾ ಅನಿ' ಅನ್ನುತ್ತಾರೆ. ಹೀಬ್ರೂವಿನಲ್ಲಿ ಒಟ್ಟು 12 ಪದ. "ನಿನಗೆ ಕೃತಜ್ಞನಾಗಿದ್ದೇನೆ, ಬದುಕಿರುವ, ಎಂದೂ ಇರುವ ಅರಸನೇ. ಕರುಣೆಯಿಂದ ನನ್ನ ಪ್ರಾಣವನ್ನು ನನಗೆ ತಿರುಗಿ ಕೊಟ್ಟೆ. ನಿನ್ನ ನಂಬಿಗಸ್ತಿಕೆ ದೊಡ್ಡದು." ಇಷ್ಟೇ. ಇದರಲ್ಲಿ ದೇವರ ಹೆಸರು ಇಲ್ಲ. ಅದಕ್ಕೇ ಕೈ ತೊಳೆಯದೆಯೂ ಹೇಳಬಹುದು. ಮಕ್ಕಳಿಗೆ ಕಲಿಸುವ ಮೊದಲ ಪ್ರಾರ್ಥನೆಗಳಲ್ಲಿ ಇದೂ ಒಂದು. ತುಂಬಾ ಹಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಬರಹದಲ್ಲಿ ಇದು ಮೊದಲು ಸಿಗುವುದು ಈಗಿನ ಇಸ್ರೇಲಿನ ಸಫೇದ್ ಕಡೆಯ ರಬ್ಬಿ (ಧರ್ಮಗುರು) ಮೋಶೆ ಬೆನ್ ಮಾಖೀರ್ ಅವರ ಪುಸ್ತಕದಲ್ಲಿ. ಅದು 1599ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು.

ಕೊನೆಯ ಎರಡು ಪದಗಳನ್ನು ನೋಡಿ: 'ರಬ್ಬಾ ಎಮುನಾತೆಖಾ'. ನಿನ್ನ ನಂಬಿಗಸ್ತಿಕೆ ದೊಡ್ಡದು. ಈ ಪದಗಳು ಬಂದದ್ದು ಬೈಬಲಿನ 'ಪ್ರಲಾಪಗಳು' ಪುಸ್ತಕದ ಮೂರನೆಯ ಅಧ್ಯಾಯದಿಂದ. ಅದು ಯಾವ ಪುಸ್ತಕ? ಜೆರುಸಲೇಮ್ ಸುಟ್ಟುಹೋದ ಮೇಲೆ ಅತ್ತ ಅಳು. ಊರು ಬೂದಿಯಾಗಿದೆ, ಮಕ್ಕಳು ಹಸಿವಿನಿಂದ ಬೀದಿಯಲ್ಲಿ ಬೀಳುತ್ತಿದ್ದಾರೆ. ಆ ಅಳುವಿನ ನಡುವೆ ಒಬ್ಬ ಹೇಳುತ್ತಾನೆ: ದೇವರ ದಯೆ ಮುಗಿದಿಲ್ಲ, ಅವನ ಕರುಣೆ ತೀರಿಲ್ಲ, ಬೆಳಿಗ್ಗೆ ಬೆಳಿಗ್ಗೆ ಅದು ಹೊಸದು, ನಿನ್ನ ನಂಬಿಗಸ್ತಿಕೆ ದೊಡ್ಡದು. ಆಮೇಲೆ ಮತ್ತೆ ಅಳುತ್ತಾನೆ. ಪುಸ್ತಕ ಮುಗಿಯುವುದೂ ಅಳುವಿನಲ್ಲೇ. ದಿನದ ಮೊದಲ ಕೃತಜ್ಞತೆಗೆ ಮಾತು ಸಿಕ್ಕಿದ್ದು ಸುಟ್ಟ ಊರಿನಲ್ಲಿ. ಇದನ್ನು ಗೊತ್ತಿದ್ದೇ ಆರಿಸಿಕೊಂಡಿದ್ದಾರೆ.

ಈಗ ಮೊದಲ ಪದ. 'ಮೋದೆ' ಅಂದರೆ ಕೃತಜ್ಞತೆ ಹೇಳುವವನು. ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಒಪ್ಪಿಕೊಳ್ಳುವವನು. ಸಾಲಗಾರ "ಹೌದು, ಇವರಿಂದ ತೆಗೆದುಕೊಂಡಿದ್ದೇನೆ" ಅಂತ ನ್ಯಾಯದ ಮುಂದೆ ಒಪ್ಪಿಕೊಂಡರೂ ಇದೇ ಕ್ರಿಯಾಪದ. ವಾದದಲ್ಲಿ ಒಬ್ಬ ಪಂಡಿತ "ನೀನು ಹೇಳಿದ್ದೇ ಸರಿ" ಅಂತ ಇನ್ನೊಬ್ಬನಿಗೆ ಬಿಟ್ಟುಕೊಟ್ಟರೂ ಇದೇ. 'ಯಹೂದಿ' ಎಂಬ ಹೆಸರಿನ ಬೇರೂ ಇಲ್ಲೇ ಇದೆ. ಯಹೂದಿಗಳ ಮೂಲಪುರುಷ ಯಾಕೋಬನ ಹೆಂಡತಿ ಲೇಯಾ ನಾಲ್ಕನೆಯ ಮಗ ಹುಟ್ಟಿದಾಗ "ಈ ಸಲ ದೇವರಿಗೆ ಕೃತಜ್ಞತೆ ಹೇಳುತ್ತೇನೆ" ಅಂತ ಹೇಳಿ ಮಗುವಿಗೆ ಯೆಹೂದ ಅಂತ ಹೆಸರಿಟ್ಟಳು. ಲೇಯಾ ಯಾರು ಅಂತ ನಿಮಗೆ ನೆನಪಿರಬಹುದು. ಗಂಡನ ಪ್ರೀತಿ ಸಿಗದ ಹೆಂಡತಿ. ನಾಲ್ಕನೆಯ ಮಗ ಹುಟ್ಟಿದ ಮೇಲೂ ಆ ಕೊರಗು ತೀರಲಿಲ್ಲ.

ನಮ್ಮ 'ಕೃತಜ್ಞ' ಪದವನ್ನೇ ಬಿಡಿಸಿ ನೋಡಿ. ಮಾಡಿದ್ದನ್ನು ಅರಿತವನು. ಮನಸ್ಸು ಉಬ್ಬಬೇಕು, ಖುಷಿಯಾಗಬೇಕು ಅಂತ ಆ ಪದ ಕೇಳುವುದೇ ಇಲ್ಲ. ಹೀಬ್ರೂ ಪದವೂ ಕೇಳುವುದಿಲ್ಲ. ಬಂದವರು ನಿಮ್ಮಿಂದ ಕೇಳುತ್ತಿರುವುದು ಒಂದು ಭಾವನೆ. ಭಾವನೆಯನ್ನು ಬಾ ಅಂತ ಕರೆದರೆ ಬರುವುದಿಲ್ಲ. ಈ ಪ್ರಾರ್ಥನೆ ಕೇಳುವುದು ಒಂದು ಒಪ್ಪಿಗೆ: ಈ ಉಸಿರು ನಾನು ಸಂಪಾದಿಸಿದ್ದಲ್ಲ, ನನಗೆ ಕೊಟ್ಟದ್ದು. ಅಳುತ್ತಾ ಕೂತವರಿಗೂ ಅಷ್ಟು ಒಪ್ಪಿಕೊಳ್ಳಲು ಆಗುತ್ತದೆ. ಇನ್ನೇನೂ ಆಗದ ದಿನವೂ ಆಗುತ್ತದೆ.

ಶೌಚದ ಪ್ರಾರ್ಥನೆಯ ಬಗ್ಗೆ ಕೇಳಿದಿರಿ. ಹೊಸಬರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ನನಗೂ ಮೊದಲು ಹಾಗೇ ಕಂಡಿತ್ತು. ಅದರ ಹೆಸರು 'ಅಶೆರ್ ಯತ್ಸರ್'. ಹಳೆಯ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್‌ನ ಬೆರಖೋತ್ ಎಂಬ ಭಾಗದಲ್ಲೇ ಇದೆ. ಮನುಷ್ಯನನ್ನು ಜಾಣತನದಿಂದ ಮಾಡಿದವನೇ, ಅವನೊಳಗೆ ರಂಧ್ರಗಳನ್ನೂ ಪೊಳ್ಳುಗಳನ್ನೂ ಇಟ್ಟೆ. ಮುಚ್ಚಿರಬೇಕಾದ ಒಂದು ತೆರೆದುಕೊಂಡರೆ, ತೆರೆದಿರಬೇಕಾದ ಒಂದು ಮುಚ್ಚಿಕೊಂಡರೆ, ಬದುಕಿ ನಿನ್ನ ಮುಂದೆ ನಿಲ್ಲಲು ಆಗದು. ಎಲ್ಲ ದೇಹಗಳನ್ನು ವಾಸಿ ಮಾಡುವವನೇ, ಅದ್ಭುತ ಮಾಡುವವನೇ, ನಿನಗೆ ಸ್ತುತಿ. ಹೆಚ್ಚುಕಡಿಮೆ ಇದೇ ಅದರ ಮಾತು.

ಕೆಲವು ವರ್ಷದ ಹಿಂದೆ ನನಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಮೂತ್ರದ ಕೊಳವೆ (ಕ್ಯಾಥೆಟರ್) ತೆಗೆದ ದಿನ ಸಂಜೆ ತನಕ ಮೂತ್ರ ಬರಲಿಲ್ಲ. ನರ್ಸ್ ಗಂಟೆಗೊಮ್ಮೆ ಬಂದು "ಆಯ್ತಾ ಸರ್?" ಅಂತ ಕೇಳುತ್ತಿದ್ದರು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ರಾತ್ರಿ ಏಳೂವರೆಗೆ, ನಲ್ಲಿ ಬಿಟ್ಟುಕೊಂಡು ಅದರ ಸದ್ದು ಕೇಳುತ್ತಾ ನಿಂತಿದ್ದಾಗ, ನಾಲ್ಕು ಹನಿ ಬಂತು. ಆಮೇಲೆ ಸಲೀಸಾಗಿ ಬಂತು. ಆ ಬಚ್ಚಲಿನ ಬಾಗಿಲ ಹೊರಗೆ ಕೈ ತೊಳೆದುಕೊಂಡು ನಿಂತು ನಾನು ಆ ಪ್ರಾರ್ಥನೆಯನ್ನು ಜೋರಾಗಿಯೇ ಹೇಳಿದೆ. ಇಷ್ಟು ವರ್ಷ ಪಾಠ ಮಾಡಿದ್ದೆ. ಅವತ್ತು ಮೊದಲ ಸಲ ಹೇಳಿದೆ. ಹಾಸಿಗೆ ಹಿಡಿದವರ ಸೇವೆ ಮಾಡುತ್ತಿರುವ ನಿಮಗೆ ಈ ಪ್ರಾರ್ಥನೆ ಯಾಕಿದೆ ಅಂತ ನಾನು ವಿವರಿಸಬೇಕಿಲ್ಲ.

ದಿನಕ್ಕೆ ನೂರು ಸ್ತುತಿ ಹೇಳಬೇಕು ಎಂಬ ಮಾತು ತಾಲ್ಮುದ್‌ನಲ್ಲಿ ರಬ್ಬಿ ಮೇಯಿರ್ ಅವರ ಹೆಸರಲ್ಲಿದೆ. ಬ್ರೆಡ್ಡಿಗೆ ಒಂದು, ಹಣ್ಣಿಗೆ ಒಂದು, ಗುಡುಗಿಗೆ ಒಂದು. ಹಣ್ಣು ಮರದಲ್ಲಿ ಬಿಟ್ಟದ್ದೋ ನೆಲದಲ್ಲಿ ಬೆಳೆದದ್ದೋ ನೋಡಿ ಮಾತು ಬದಲಾಗುತ್ತದೆ. ನೂರು ಸಲ ನಿಲ್ಲಬೇಕು, ನೋಡಬೇಕು, ಒಪ್ಪಿಕೊಳ್ಳಬೇಕು. ಇದೂ ಅಭ್ಯಾಸವಾಗಿ ಬರೀ ಬಾಯಿಮಾತಾಗಬಹುದು. ಆಗುತ್ತದೆ ಕೂಡ. ಆದರೂ ಒಂದು ದಿನ ನಲ್ಲಿಯ ಹತ್ತಿರ ನಿಂತಾಗ ಮಾತು ಬಾಯಲ್ಲಿ ಸಿದ್ಧವಾಗಿರುತ್ತದೆ.

ಇನ್ನು ದಯೆಯ ವಿಷಯ. ಹೀಬ್ರೂವಿನಲ್ಲಿ ಎರಡು ಪದ ಜೊತೆಜೊತೆಗೆ ಬರುತ್ತವೆ. ಒಂದು 'ರಹಮೀಮ್'. ಅದು 'ರೆಹೆಮ್' ಎಂಬ ಪದದ ನಂಟು, ಅಂದರೆ ಗರ್ಭಕೋಶ. ನಮ್ಮಲ್ಲಿ ಕರುಳು ಚುರ್ ಅನ್ನುತ್ತದೆ ಅಂತೀವಲ್ಲ, ಕರುಳ ಸಂಬಂಧ ಅಂತೀವಲ್ಲ, ಅದಕ್ಕೆ ತೀರಾ ಹತ್ತಿರ. ಇನ್ನೊಂದು 'ಹೆಸೆದ್'. ಇದಕ್ಕೆ ದಯೆ, ಕೃಪೆ ಅಂತ ಅನುವಾದ ಮಾಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ದಯೆ ಒಂದು ಸಲ ತೋರಿಸಿ ಹೋಗಬಹುದು. ಹೆಸೆದ್ ಬಿಟ್ಟು ಹೋಗುವುದಿಲ್ಲ. ಕೊಟ್ಟ ಮಾತಿಗೆ, ಕಟ್ಟಿಕೊಂಡ ನಂಟಿಗೆ ಅಂಟಿಕೊಂಡು ನಿಲ್ಲುವ ಒಳ್ಳೆಯತನ ಅದು. ಗಂಡ ಸತ್ತ ಮೇಲೂ ರೂತಳು ಅತ್ತೆಯನ್ನು ಬಿಟ್ಟು ಹೋಗಲಿಲ್ಲ. ಅದಕ್ಕೆ ಬೈಬಲ್ ಬಳಸುವ ಪದ ಹೆಸೆದ್. ಎಂಟು ತಿಂಗಳಿಂದ ತಾಯಿಯ ಮಗ್ಗುಲು ಬದಲಿಸುತ್ತಾ ಇರುವ ಮಗಳದ್ದೂ ಹೆಸೆದ್. 136ನೆಯ ಕೀರ್ತನೆಯಲ್ಲಿ "ಅವನ ಹೆಸೆದ್ ಎಂದೆಂದಿಗೂ" ಎಂಬ ಸಾಲು 26 ಸಲ ಬರುತ್ತದೆ. ಸೃಷ್ಟಿಯಿಂದ ಶುರುವಾಗಿ, ಕೊನೆಗೆ ಎಲ್ಲ ಜೀವಿಗಳಿಗೆ ಆಹಾರ ಕೊಡುವ ತನಕ, ಪ್ರತಿ ಸಾಲಿಗೂ ಅದೇ ಪಲ್ಲವಿ.

ಹಾಗಾದರೆ ಕೆಟ್ಟದ್ದು ಬಂದಾಗ? ನಿಮ್ಮ ನಿಜವಾದ ಪ್ರಶ್ನೆ ಇದು.

ಸುಮಾರು ಕ್ರಿಸ್ತಶಕ 200ರಲ್ಲಿ ಒಟ್ಟುಗೂಡಿಸಿದ ಮಿಶ್ನಾ ಎಂಬ ಧರ್ಮಸಂಹಿತೆಯಲ್ಲಿ ಒಂದು ಮಾತಿದೆ: ಒಳ್ಳೆಯದಕ್ಕೆ ಸ್ತುತಿಸುವಂತೆ ಕೆಟ್ಟದ್ದಕ್ಕೂ ಸ್ತುತಿಸಬೇಕು. ಇದನ್ನು ಮಾತ್ರ ಓದಿದವರು "ನೋಡಿ, ಎಲ್ಲವೂ ಒಳ್ಳೆಯದಕ್ಕೇ" ಅಂದುಬಿಡುತ್ತಾರೆ. ಆದರೆ ಸ್ತುತಿಯ ಮಾತು ಎರಡಕ್ಕೂ ಒಂದೇ ಅಲ್ಲ. ಒಳ್ಳೆಯ ಸುದ್ದಿಗೆ ಹೇಳುವುದು "ಒಳ್ಳೆಯವನೂ ಒಳ್ಳೆಯದನ್ನು ಮಾಡುವವನೂ". ಸಾವಿನ ಸುದ್ದಿಗೆ ಹೇಳುವುದು "ಸತ್ಯದ ನ್ಯಾಯಾಧೀಶ". ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಹೇಳುವಂತಿಲ್ಲ. ಹತ್ತಿರದವರು ಸತ್ತರೆ ಬಟ್ಟೆ ಹರಿದುಕೊಂಡು ಈ ಮಾತು ಹೇಳುತ್ತಾರೆ. ಎರಡೂ ಮಾತು ಒಂದಾಗುವುದು ಬರಲಿರುವ ಲೋಕದಲ್ಲಿ ಮಾತ್ರ ಅಂತ ತಾಲ್ಮುದ್ ಹೇಳುತ್ತದೆ. ಈ ಲೋಕದಲ್ಲಿ ಕೆಟ್ಟದ್ದನ್ನು ಒಳ್ಳೆಯದು ಅಂತ ಕರೆಯಲು ಧರ್ಮವೇ ಬಿಡುವುದಿಲ್ಲ.

ಅದೇ ಮಿಶ್ನಾದಲ್ಲಿ ಇನ್ನೊಂದು ಮಾತಿದೆ, ನನಗೆ ತುಂಬಾ ಮುಖ್ಯ ಅನ್ನಿಸುವುದು. ಒಬ್ಬ ಊರಿಗೆ ಬರುತ್ತಿದ್ದಾನೆ. ಊರೊಳಗಿಂದ ಕಿರುಚಾಟ ಕೇಳುತ್ತದೆ. "ದೇವರೇ, ಅದು ನನ್ನ ಮನೆಯದ್ದಾಗದಿರಲಿ" ಅಂತ ಬೇಡಿಕೊಳ್ಳುತ್ತಾನೆ. ಅದು ವ್ಯರ್ಥ ಪ್ರಾರ್ಥನೆ, ಅನ್ನುತ್ತದೆ ಮಿಶ್ನಾ. ಆದದ್ದು ಆಗಿಹೋಗಿದೆ. ಆ ಕಷ್ಟ ಇನ್ನೊಬ್ಬರ ಮನೆಯದ್ದಾಗಲಿ ಅಂತ ಕೇಳುವುದು ಪ್ರಾರ್ಥನೆಯೇ ಅಲ್ಲ. ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವ ಜನ ಇಂಥ ನಿಯಮ ಬರೆಯುತ್ತಾರಾ?

ಮೂರನೆಯ ಶತಮಾನದ ರಬ್ಬಿ ಯೋಹಾನಾನ್ ಬಗ್ಗೆ ತಾಲ್ಮುದ್ ಒಂದು ಕಥೆ ಹೇಳುತ್ತದೆ. ಅವರಿಗೆ ಹತ್ತು ಗಂಡು ಮಕ್ಕಳು, ಹತ್ತೂ ತೀರಿಕೊಂಡರು. ಹತ್ತನೆಯ ಮಗನ ಒಂದು ಮೂಳೆಯನ್ನು ತಮ್ಮ ಬಳಿ ಇಟ್ಟುಕೊಂಡಿದ್ದರಂತೆ. ಅವರ ಶಿಷ್ಯ ಕಾಯಿಲೆ ಬಿದ್ದಾಗ ನೋಡಲು ಹೋದರು. "ನಿನಗೆ ಈ ನೋವು ಪ್ರಿಯವೇ?" ಅಂತ ಕೇಳಿದರು. ನೋವನ್ನು ತಾಳಿದವರಿಗೆ ಪುಣ್ಯ ಸಿಗುತ್ತದೆ ಎಂಬ ಮಾತು ಆಗ ಇತ್ತು. ಶಿಷ್ಯ ಹೇಳಿದ: "ಈ ನೋವೂ ಬೇಡ, ಅದರ ಪುಣ್ಯವೂ ಬೇಡ." ಯೋಹಾನಾನ್ ಬುದ್ಧಿ ಹೇಳಲಿಲ್ಲ. "ಕೈ ಕೊಡು" ಅಂದರು. ಅವನು ಕೈ ಕೊಟ್ಟ, ಇವರು ಎಬ್ಬಿಸಿದರು. ಆಮೇಲೆ ಯೋಹಾನಾನ್ ಅವರೇ ಕಾಯಿಲೆ ಬಿದ್ದರು. ಇನ್ನೊಬ್ಬ ರಬ್ಬಿ ಬಂದು ಅದೇ ಪ್ರಶ್ನೆ ಕೇಳಿದರು. ಅದೇ ಉತ್ತರ, ಅದೇ "ಕೈ ಕೊಡು". ಬೇರೆಯವರನ್ನು ಎಬ್ಬಿಸಿದವರು ತಮ್ಮನ್ನು ತಾವೇ ಯಾಕೆ ಎಬ್ಬಿಸಿಕೊಳ್ಳಲಿಲ್ಲ ಅಂತ ತಾಲ್ಮುದ್ ಕೇಳುತ್ತದೆ. ಉತ್ತರ: ಸೆರೆಯಲ್ಲಿರುವವನು ತನ್ನನ್ನು ತಾನೇ ಬಿಡಿಸಿಕೊಳ್ಳಲಾರ.

ನಿಮ್ಮ ಮನೆಗೆ ಬರುವವರು ಮಾತಿಗೆ ಬದಲು ಕೈ ಕೊಟ್ಟರೆ ಚೆನ್ನಾಗಿತ್ತು. ಒಂದು ರಾತ್ರಿ ತಾಯಿಯ ಪಕ್ಕ ಕೂತು ನಿಮ್ಮನ್ನು ಮಲಗಲು ಬಿಟ್ಟರೆ ಸಾಕಿತ್ತು.

ಭರವಸೆಗೆ ಹೀಬ್ರೂವಿನಲ್ಲಿ 'ಬಿತ್ತಾಹೋನ್' ಅನ್ನುತ್ತಾರೆ. ಅದರ ಅರ್ಥದ ಬಗ್ಗೆ ಯಹೂದಿಗಳಲ್ಲೇ ಒಮ್ಮತ ಇಲ್ಲ. "ಒಳ್ಳೆಯದನ್ನು ಯೋಚಿಸು, ಒಳ್ಳೆಯದಾಗುತ್ತದೆ" ಎಂಬ ಮಾತು ಹಸೀದಿ ಪಂಥದ ಒಂದು ಶಾಖೆಯಲ್ಲಿ ಬಹಳ ಪ್ರಸಿದ್ಧ. ಅದನ್ನು ಹಿಡಿದು ಕಷ್ಟ ದಾಟಿದವರು ಇದ್ದಾರೆ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ 'ಹಜೋನ್ ಇಶ್' ಎಂದೇ ಹೆಸರಾದ ರಬ್ಬಿ ಅವ್ರಹಾಂ ಕರೆಲಿತ್ಸ್, 1953ರಲ್ಲಿ ತೀರಿಕೊಂಡವರು, ಇದನ್ನು ನೇರವಾಗಿ ಒಪ್ಪಲಿಲ್ಲ. ಹೀಗೆಯೇ ಆಗುತ್ತದೆ ಅಂತ ದೇವರು ನಮಗೆ ಮೊದಲೇ ಹೇಳಿಲ್ಲ, ಹಾಗಿರುವಾಗ ಒಳ್ಳೆಯದೇ ಆಗುತ್ತದೆ ಎಂಬ ಖಾತ್ರಿಗೆ ಭರವಸೆ ಅಂತ ಹೆಸರಿಡಬಾರದು ಅಂದರು. ಆಗುವುದು ಯಾವುದೂ ಗಾಳಿಪಾಲಲ್ಲ, ಎಲ್ಲವೂ ಅವನ ಕೈಯಲ್ಲಿದೆ. ಅಷ್ಟನ್ನು ನಂಬಿ ನಿಲ್ಲುವುದೇ ಅವರ ಪ್ರಕಾರ ಭರವಸೆ. ನನ್ನ ಮನಸ್ಸು ಇವರ ಕಡೆಗೇ. ಪ್ರಾರ್ಥನೆಗಳ ಮಾತೂ ಇವರ ಕಡೆಗಿದೆ ಅಂತ ನನಗೆ ಕಾಣುತ್ತದೆ.

ಅದಕ್ಕೆ ಸಾಕ್ಷಿ 13ನೆಯ ಕೀರ್ತನೆ. ಶುರುವಾಗುವುದೇ ಹೀಗೆ: "ಎಲ್ಲಿ ತನಕ, ದೇವರೇ? ನನ್ನನ್ನು ಮರೆತೇ ಬಿಡುತ್ತೀಯಾ? ಎಲ್ಲಿ ತನಕ ಮುಖ ಮರೆಸಿಕೊಳ್ಳುತ್ತೀಯ? ಎಲ್ಲಿ ತನಕ ಒಳಗೊಳಗೇ ಯೋಚಿಸುತ್ತಾ, ಹಗಲೆಲ್ಲ ಎದೆಯಲ್ಲಿ ದುಃಖ ಇಟ್ಟುಕೊಂಡಿರಲಿ? ಎಲ್ಲಿ ತನಕ ವೈರಿಯ ಕೈ ಮೇಲಾಗಿರಬೇಕು?" ನಾಲ್ಕು ಸಲ 'ಎಲ್ಲಿ ತನಕ'. ಆಮೇಲೆ ಬೇಡಿಕೆ: ಇತ್ತ ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ದರೆ ಸಾವಿನ ನಿದ್ದೆ ಹತ್ತುತ್ತದೆ. ಇದಾದ ಮೇಲೆ ಕೊನೆಯ ಮಾತು: "ನಾನಂತೂ ನಿನ್ನ ಹೆಸೆದನ್ನು ನಂಬಿದ್ದೇನೆ. ನಿನ್ನ ರಕ್ಷಣೆಗೆ ನನ್ನ ಎದೆ ನಲಿಯಲಿ. ದೇವರಿಗೆ ಹಾಡುವೆ, ಅವನು ನನಗೆ ಒಳ್ಳೆಯದು ಮಾಡಿದ್ದಾನೆ."

ನಡುವೆ ಏನಾಯಿತು? ಏನೂ ಆಗಿಲ್ಲ. ವೈರಿ ಸೋತ ಸುದ್ದಿ ಇಲ್ಲ. ಕಾಯಿಲೆ ವಾಸಿಯಾದ ಸುದ್ದಿ ಇಲ್ಲ. ದೇವರು ಒಂದು ಮಾತೂ ಆಡಿಲ್ಲ. ಆದರೂ ಕ್ರಿಯಾಪದ ಭೂತಕಾಲದ್ದು: ಮಾಡಿದ್ದಾನೆ. ಮುಂದೆ ಮಾಡುತ್ತಾನೆ ಎಂಬ ಲೆಕ್ಕಾಚಾರ ಇಲ್ಲಿ ಇಲ್ಲ. ಹಿಂದೆ ಕಂಡ ಒಂದು ಒಳ್ಳೆಯತನ ಇದೆ. ಅದು ಸುಳ್ಳಾಗಿರಲಿಲ್ಲ ಎಂಬ ಒಪ್ಪಿಗೆ ಇದೆ. ಇವತ್ತಿನ ಕತ್ತಲು ನಿನ್ನೆಯ ಬೆಳಕನ್ನು ಅಳಿಸಿಹಾಕಲು ಬಿಡುವುದಿಲ್ಲ ಎಂಬ ಹಟ ಇದೆ. 'ಎಲ್ಲಿ ತನಕ' ಅನ್ನುವ ನಾಲ್ಕು ಮಾತನ್ನೂ ಯಾರೂ ತೆಗೆದುಹಾಕಲಿಲ್ಲ, ಗಮನಿಸಿ. ದೂರು ಹೇಳಿದ ಬಾಯಿಯೇ ಹಾಡುತ್ತದೆ. ಮರೆತಿದ್ದೀಯಾ ಅಂತ ಕೇಳಲು ಎದುರಿಗೆ ಒಬ್ಬ ಇರಬೇಕು ಅಲ್ವಾ? ಆ ದೂರಿನಲ್ಲೇ ಅರ್ಧ ಭರವಸೆ ಇದೆ.

ಅಲ್ಲಿ 'ಒಳ್ಳೆಯದು ಮಾಡಿದ್ದಾನೆ' ಎಂಬುದಕ್ಕಿರುವ ಹೀಬ್ರೂ ಪದ 'ಗಮಲ್'. ಇದೇ ಬೇರಿನಿಂದ ಮೊಲೆ ಬಿಟ್ಟ ಮಗುವಿಗೆ 'ಗಮುಲ್' ಎಂಬ ಪದವೂ ಬಂದಿದೆ. 131ನೆಯ ಕೀರ್ತನೆ ಬಹಳ ಚಿಕ್ಕದು, ಮೂರೇ ವಚನ. ಅದರಲ್ಲಿ ಭಕ್ತ ಹೇಳುತ್ತಾನೆ: ನನ್ನ ಕೈಗೆ ಎಟುಕದ ದೊಡ್ಡ ವಿಷಯಗಳಿಗೆ ನಾನು ಹೋಗಲಿಲ್ಲ. ತಾಯಿಯ ಮಡಿಲಲ್ಲಿರುವ ಮೊಲೆ ಬಿಟ್ಟ ಮಗುವಿನ ಹಾಗೆ ನನ್ನ ಪ್ರಾಣವನ್ನು ಸುಮ್ಮನಾಗಿಸಿದ್ದೇನೆ. ಮೊಲೆ ಕುಡಿಯುವ ಮಗು ತಾಯಿಯ ಮಡಿಲಿಗೆ ಬಂದರೆ ಹಾಲಿಗೆ ತಡಕಾಡುತ್ತದೆ. ಮೊಲೆ ಬಿಟ್ಟ ಮಗುವಿಗೆ ಅಲ್ಲಿ ಹಾಲು ಸಿಗುವುದಿಲ್ಲ, ಅದು ಗೊತ್ತು. ಆದರೂ ಬರುತ್ತದೆ. ಸುಮ್ನೆ ಒರಗಿಕೊಳ್ಳುತ್ತದೆ. ಹಾಲು ಬಿಡಿಸಿದ್ದಕ್ಕೆ ಅದು ರಾತ್ರಿಗಟ್ಟಲೆ ಅತ್ತಿದೆ, ಅದೂ ನೆನಪಿರಲಿ.

ನಿಂತು ಮಾಡುವ ಮುಖ್ಯ ಪ್ರಾರ್ಥನೆ ಅಮೀದಾದಲ್ಲೂ ಇದೇ ಕ್ರಮ. ವಾರದ ದಿನಗಳಲ್ಲಿ ದಿನಕ್ಕೆ ಮೂರು ಸಲ ಹೇಳುತ್ತಾರೆ, 19 ಸ್ತುತಿಗಳು. ಮಧ್ಯದ 13 ಬರೀ ಬೇಡಿಕೆ: ಬುದ್ಧಿ ಕೊಡು, ಕ್ಷಮಿಸು, ವಾಸಿ ಮಾಡು, ಬೆಳೆ ಕೊಡು. ಕೇಳಿ ಮುಗಿಸಿದ ಮೇಲೆ, ಉತ್ತರ ಬರುವ ಮೊದಲೇ, 'ಮೋದೀಮ್' ಬರುತ್ತದೆ. ಬಾಗಿ ಹೇಳುತ್ತಾರೆ: ನಿನ್ನ ಕೈಗೆ ಒಪ್ಪಿಸಿದ ನಮ್ಮ ಬದುಕಿಗಾಗಿ, ನಿನ್ನ ಬಳಿ ಜೋಪಾನಕ್ಕಿಟ್ಟ ನಮ್ಮ ಪ್ರಾಣಕ್ಕಾಗಿ, ಸಂಜೆ, ಬೆಳಿಗ್ಗೆ, ಮಧ್ಯಾಹ್ನ, ದಿನದಿನವೂ ನಮ್ಮೊಡನಿರುವ ನಿನ್ನ ಅದ್ಭುತಗಳಿಗಾಗಿ. ಅಮೀದಾವನ್ನು ಪ್ರಾರ್ಥನೆ ನಡೆಸುವವನು ಎಲ್ಲರ ಪರವಾಗಿ ಮತ್ತೊಮ್ಮೆ ಜೋರಾಗಿ ಹೇಳುತ್ತಾನೆ. ಉಳಿದವರು ಕೇಳಿ 'ಆಮೆನ್' ಅಂದರೆ ಸಾಕು. ಮೋದೀಮ್ ಬಂದಾಗ ಹಾಗಲ್ಲ, ಪ್ರತಿಯೊಬ್ಬರೂ ತಾವೇ ಬಾಗಿ ತಮ್ಮ ಕೃತಜ್ಞತೆಯ ಮಾತು ಹೇಳಬೇಕು. ಬೇಡಿಕೆಗೆ ಇನ್ನೊಬ್ಬರನ್ನು ಕಳಿಸಬಹುದು, ಕೃತಜ್ಞತೆಗೆ ನಾವೇ ಹೋಗಬೇಕು ಅಂತ 14ನೆಯ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ಅಬುದ್ರಹಾಮ್ ಇದಕ್ಕೆ ಕಾರಣ ಕೊಟ್ಟಿದ್ದಾರೆ.

ಊಟದ ನಂತರದ ಪ್ರಾರ್ಥನೆಯಲ್ಲಿ ನಾಲ್ಕು ಸ್ತುತಿಗಳಿವೆ. ಮೊದಲನೆಯದು ಇಡೀ ಲೋಕಕ್ಕೆ ಉಣಿಸುವವನಿಗೆ. ಉಣಿಸಿದ ಮನೆಯವರಿಗೂ ಹರಕೆ ಇದೆ, ನಮ್ಮ 'ಅನ್ನದಾತೋ ಸುಖೀಭವ'ದ ಹಾಗೆ. ನಾಲ್ಕನೆಯ ಸ್ತುತಿ ಬಂದ ಬಗೆ ಕೇಳಿ. ಕ್ರಿಸ್ತಶಕ 135ರಲ್ಲಿ ರೋಮನ್ನರು ಬೇತಾರ್ ಎಂಬ ಕೋಟೆಯೂರನ್ನು ನಾಶ ಮಾಡಿದರು. ಸತ್ತವರನ್ನು ಹೂಳಲು ಬಿಡಲಿಲ್ಲ. ಬಹಳ ಕಾಲದ ಮೇಲೆ ಹೂಳಲು ಅಪ್ಪಣೆ ಸಿಕ್ಕಿತು. ಆ ದಿನ "ಒಳ್ಳೆಯವನೂ ಒಳ್ಳೆಯದನ್ನು ಮಾಡುವವನೂ" ಎಂಬ ಸ್ತುತಿಯನ್ನು ಸೇರಿಸಿದರು ಅಂತ ತಾಲ್ಮುದ್ ಹೇಳುತ್ತದೆ. ದೇಹಗಳು ಕೊಳೆಯಲಿಲ್ಲ, ಅದಕ್ಕೆ ಒಳ್ಳೆಯವನು. ಹೂಳಲು ಸಿಕ್ಕಿದವು, ಅದಕ್ಕೆ ಒಳ್ಳೆಯದನ್ನು ಮಾಡುವವನು. ಎಲ್ಲ ಕಳೆದುಕೊಂಡವರು ಇಷ್ಟನ್ನು ಹಿಡಿದುಕೊಂಡರು. ಇವತ್ತಿಗೂ ಹೊಟ್ಟೆ ತುಂಬಿದ ಮೇಲೆ ಆ ಹೆಣಗಳ ನೆನಪಿನ ಸ್ತುತಿಯನ್ನು ಹೇಳುತ್ತಾರೆ.

ಈ ವಿಷಯಕ್ಕೆ ನಮ್ಮ ನಾಡಿನ ನಂಟೂ ಇದೆ. ಹೇಳದೆ ಬಿಡಲು ಮನಸ್ಸಿಲ್ಲ. 107ನೆಯ ಕೀರ್ತನೆಯ ಆಧಾರದಲ್ಲಿ ತಾಲ್ಮುದ್ ನಾಲ್ಕು ಬಗೆಯ ಜನ ಕೃತಜ್ಞತೆ ಹೇಳಲೇಬೇಕು ಅನ್ನುತ್ತದೆ: ಸಮುದ್ರ ದಾಟಿ ಬಂದವರು, ಮರುಭೂಮಿ ದಾಟಿದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಡುಗಡೆಯಾದವರು. ಹತ್ತು ಜನರ ಮುಂದೆ ನಿಂತು "ಅರ್ಹರಲ್ಲದವರಿಗೂ ಒಳ್ಳೆಯದು ಮಾಡುವವನು ನನಗೆ ಎಲ್ಲ ಒಳ್ಳೆಯದನ್ನೂ ಮಾಡಿದ" ಅಂತ ಹೇಳಬೇಕು. ಇಲ್ಲೂ ಅದೇ 'ಗಮಲ್' ಪದ. ಕೇಳಿದವರು "ನಿನಗೆ ಒಳ್ಳೆಯದು ಮಾಡಿದವನು ಎಂದೆಂದಿಗೂ ಒಳ್ಳೆಯದೇ ಮಾಡಲಿ" ಅಂತ ಹರಸುತ್ತಾರೆ.

12ನೆಯ ಶತಮಾನದಲ್ಲಿ ಅವ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಊರು ಈಗಿನ ಟ್ಯುನೀಷಿಯಾದ ಮಹ್ದಿಯಾ. ಮಂಗಳೂರಲ್ಲಿ ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು ಅಡಿಕೆ ಕಳಿಸಿದ. ಹತ್ತಿರ ಹತ್ತಿರ ಹದಿನೇಳು ವರ್ಷ ಇಲ್ಲಿದ್ದು 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಯೆಮನ್‌ನ ಏಡನ್ ಸೇರಿದ. ಅಲ್ಲಿಂದ ತನ್ನವರಿಗೆ ಬರೆದ ಪತ್ರ ಕೈರೋದ ಹಳೆಯ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ಕಾಗದದ ಕೋಣೆಯಲ್ಲಿ ಉಳಿದುಕೊಂಡು ಬಂದಿದೆ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದು ಅಂತ ತುಂಬಿಡುತ್ತಿದ್ದ ಕೋಣೆ ಅದು. ಸರಕು, ಜೀವ, ಮಕ್ಕಳು ಎಲ್ಲ ಕ್ಷೇಮವಾಗಿ ಬಂದು ಮುಟ್ಟಿದೆವು ಅಂತ ಬರೆದು, ಅವನು ಹೇಳುವುದು ಅದೇ 107ನೆಯ ಕೀರ್ತನೆಯ ಸಾಲು: ದೇವರ ಹೆಸೆದಿಗಾಗಿ, ಮನುಷ್ಯರಿಗೆ ಅವನು ಮಾಡಿದ ಅದ್ಭುತಗಳಿಗಾಗಿ ಜನ ಅವನನ್ನು ಕೊಂಡಾಡಲಿ. ನಮ್ಮ ಕಡಲ ತೀರದಿಂದ ಹೊರಟವನೊಬ್ಬ ಬರೆದ ಕೃತಜ್ಞತೆ. ಮುಂದೆ ಅವನ ಹಿರಿಯ ಮಗ ಅದೇ ಏಡನ್ನಿನಲ್ಲಿ ತೀರಿಕೊಂಡ. ಅದನ್ನು ವಿವರಿಸಲು ತನ್ನಲ್ಲಿ ಮಾತಿಲ್ಲ ಅಂತ ಇನ್ನೊಂದು ಪತ್ರದಲ್ಲಿ ಬರೆದ. ಎರಡು ಪತ್ರಗಳೂ ಉಳಿದಿವೆ. ಕೃತಜ್ಞತೆಯ ಪತ್ರವನ್ನು ದುಃಖದ ಪತ್ರ ಸುಳ್ಳು ಮಾಡಿತು ಅಂತ ನನಗೆ ಅನ್ನಿಸುವುದಿಲ್ಲ.

ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳಲ್ಲಿ 'ಮಲಿದಾ' ಅಂತ ಒಂದು ಆಚರಣೆ ಇದೆ. ಹರಕೆ ಫಲಿಸಿದರೆ, ಮದುವೆಗೆ, ಹೊಸ ಮನೆಗೆ, ಕಾಯಿಲೆಯಿಂದ ಎದ್ದರೆ ಮಾಡುತ್ತಾರೆ. ಪ್ರವಾದಿ ಎಲಿಯಾಹುವನ್ನು ನೆನೆಯುತ್ತಾರೆ. ಮುಂಬೈ ಹತ್ತಿರ ಒಂದು ಮನೆಗೆ ನನ್ನನ್ನು ಕರೆದಿದ್ದರು. ಬೈಕಿನಿಂದ ಬಿದ್ದಿದ್ದ ಮೊಮ್ಮಗ ಎದ್ದು ಓಡಾಡಿದ್ದಕ್ಕೆ. ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಮೇಲೆ ದ್ರಾಕ್ಷಿ ಗೋಡಂಬಿ, ಸುತ್ತ ಹಣ್ಣು. ನಮ್ಮ ಮನೆಯ ಕೃಷ್ಣಾಷ್ಟಮಿಯ ಅವಲಕ್ಕಿಯದೇ ವಾಸನೆ. ಹಾಡಾಯಿತು, ಹೀಬ್ರೂ ಸ್ತುತಿಗಳಾದವು. ಆಮೇಲೆ ಅಜ್ಜಿ ತಟ್ಟೆ ಹಿಡಿದು ಒಬ್ಬರನ್ನೂ ಬಿಡದೆ ಹಂಚಿದರು. ಪಕ್ಕದ ಮನೆಗೂ ಕಳಿಸಿದರು. ಜೆರುಸಲೇಮಿನ ಹಳೆಯ ದೇವಾಲಯದ ಕೃತಜ್ಞತೆಯ ಬಲಿಗೂ ಇದೇ ನಿಯಮ ಇತ್ತು: 40 ರೊಟ್ಟಿ, ಎಲ್ಲ ಅದೇ ರಾತ್ರಿಯೊಳಗೆ ಮುಗಿಯಬೇಕು. ಒಬ್ಬನಿಂದ ಆಗುವುದಿಲ್ಲ, ಜನರನ್ನು ಕರೆಯಲೇಬೇಕು.

ಆ ಅಜ್ಜಿಯನ್ನು ಕೇಳಿದೆ, ಮೊಮ್ಮಗ ಆಸ್ಪತ್ರೆಯಲ್ಲಿದ್ದಾಗಲೂ ಕೃತಜ್ಞತೆ ಹೇಳುತ್ತಿದ್ದಿರಾ ಅಂತ. "ಬೆಳಿಗ್ಗೆ ಮೋದಾ ಅನಿ ಹೇಳುತ್ತಿದ್ದೆ. ಬೇರೇನೂ ಹೇಳಲು ಆಗುತ್ತಿರಲಿಲ್ಲ" ಅಂದರು.

ಹಾಗಾಗಿ ಮೇಡಂ, ನಿಮ್ಮಿಂದ ಆಗದ ಕೃತಜ್ಞತೆಯನ್ನು ಬಲವಂತದಿಂದ ತಂದುಕೊಳ್ಳಬೇಡಿ. ಕೀರ್ತನೆಗಳನ್ನು ಹೇಳಲು ಯಹೂದಿಯಾಗಿರಬೇಕು ಅಂತಿಲ್ಲ. ಕನ್ನಡ ಬೈಬಲಿನಲ್ಲಿ 13ನೆಯ ಕೀರ್ತನೆ ತೆಗೆಯಿರಿ. ರಾತ್ರಿ ತಾಯಿಗೆ ನಿದ್ದೆ ಹತ್ತಿದ ಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಓದಿ. 'ಎಲ್ಲಿ ತನಕ' ಎಂಬ ನಾಲ್ಕು ಮಾತನ್ನು ಅವಸರ ಮಾಡದೆ ಓದಿ. ಕೊನೆಯ ಸಾಲು ಬಾಯಿಗೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ ಪುಸ್ತಕ ಮುಚ್ಚಿಡಿ. ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿ.